ಅಜ್ಜಿ ಬರುವ ತಿಂಗಳನ್ನೂ ಲೆಕ್ಕಕ್ಕೆ ತಗೊಳ್ಳಿ

ದೀಪಾವಳಿ ಆಸುಪಾಸಿನಲ್ಲೇ ಇಲ್ಲಿ ಅಮೆರಿಕದ ಹೆಚ್ಚಿನ ಕಂಪನಿಗಳಲ್ಲಿ ಓಪನ್ ಎನ್‌ರೋಲ್‌ಮೆಂಟ್, ಅಂದರೆ ಮುಂದಿನ ವರ್ಷದ ಸೌಲಭ್ಯಗಳನ್ನು ಆರಿಸಿಕೊಳ್ಳುವ ಸಮಯ, ಬರುತ್ತದೆ. ಹೆಲ್ತ್ ಇನ್ಶೂರೆನ್ಸ್ ಆರಿಸಿಕೊಂಡು ಉಳಿದದ್ದನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ಚಿಕ್ಕ ಮಕ್ಕಳಿರುವವರು ಈ ಸಲ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ (ಅವಲಂಬಿತರ ಆರೈಕೆ ಖರ್ಚಿನ ಖಾತೆ) ಕಡೆಗೂ ದಯವಿಟ್ಟು ಗಮನ ಕೊಡಿ.

ತೆರಿಗೆ ಹಿಡಿಯುವ ಮೊದಲೇ ಸಂಬಳದ ಒಂದು ಪಾಲು ಈ ಖಾತೆಗೆ ಹೋಗುತ್ತದೆ. 13 ತುಂಬದ ಮಕ್ಕಳ ಡೇಕೇರ್, ಪ್ರೀಸ್ಕೂಲ್, ಆಫ್ಟರ್‌ಕೇರ್, ಬೇಸಿಗೆಯ ಡೇ ಕ್ಯಾಂಪ್ ಖರ್ಚಿಗೆ ಬಳಸಬಹುದು. ರಾತ್ರಿ ಉಳಿಯುವ ಕ್ಯಾಂಪಿಗೆ ಆಗುವುದಿಲ್ಲ. 2021 ಒಂದನ್ನು ಬಿಟ್ಟರೆ ದಶಕಗಳ ಕಾಲ 5,000 ಡಾಲರಿನಲ್ಲೇ ನಿಂತಿದ್ದ ವರ್ಷದ ಮಿತಿ 2026ರಿಂದ 7,500 ಆಗಿದೆ. ಇದು ಗಂಡ ಹೆಂಡತಿ ಇಬ್ಬರಿಗೂ ಸೇರಿ. ನಿಮ್ಮ ಕಂಪನಿಯೂ ಮಿತಿ ಏರಿಸಿದೆಯೇ ಎಂದು ಎಚ್‌ಆರ್‌ನವರನ್ನು ಕೇಳಿ. ಶೇ. 22ರ ಆದಾಯ ತೆರಿಗೆ, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತ ಎಲ್ಲ ಸೇರಿಸಿದರೆ ಪೂರ್ತಿ 7,500ಕ್ಕೆ ಸುಮಾರು 2,200 ಡಾಲರ್ ಉಳಿಯುತ್ತದೆ. ಸಣ್ಣ ಹಣವಲ್ಲ, ಅಲ್ವಾ?

ಆದರೆ ಇಬ್ಬರೂ ದುಡಿಯುತ್ತಿರಬೇಕು, ಇಲ್ಲವೇ ಒಬ್ಬರು ಫುಲ್‌ಟೈಮ್ ಓದುತ್ತಿರಬೇಕು. ಎಚ್-4ನಲ್ಲಿ (ಕೆಲಸದ ವೀಸಾದವರ ಸಂಗಾತಿಗೆ ಸಿಗುವ ವೀಸಾ) ಕೆಲಸದ ಪರ್ಮಿಟ್ ಸಿಗದೆ ಮನೆಯಲ್ಲೇ ಇರುವ ಎಷ್ಟೋ ತಾಯಂದಿರ ಕುಟುಂಬಗಳಿಗೆ ಇದು ಸಿಗುವುದಿಲ್ಲ. ಅದು ನನಗೆ ಬೇಸರದ ವಿಷಯ.

ನಮ್ಮವರು ಎಡವುವುದು ಇನ್ನೊಂದು ಕಡೆ. ಊರಿನಿಂದ ಅಜ್ಜಿ ತಾತ ಆರು ತಿಂಗಳಿಗೆ ಬರುತ್ತಾರೆ, ಮಗುವನ್ನು ಡೇಕೇರಿನಿಂದ ಬಿಡಿಸುತ್ತೇವೆ. ಖಾತೆಗೆ ಮಾತ್ರ ಹಣ ಹೋಗುತ್ತಲೇ ಇರುತ್ತದೆ. ಖರ್ಚಾಗದೆ ಉಳಿದದ್ದು ಮುಂದಿನ ವರ್ಷಕ್ಕೆ ಬರುವುದಿಲ್ಲ. ಕೆಲವು ಕಂಪನಿಗಳು ಮಾರ್ಚ್ ಮಧ್ಯದವರೆಗೆ ಗಡುವು ಕೊಡುತ್ತವೆ, ಅಷ್ಟೇ. ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿಗೆ ಸಂಬಳ ಕೊಟ್ಟೆವೆಂದು ತೋರಿಸುವ ಯೋಚನೆ ಬೇಡವೇ ಬೇಡ. ಆ ವೀಸಾದಲ್ಲಿ ದುಡಿಯುವಂತಿಲ್ಲ. ಹಾಗಾಗಿ ಟಿಕೆಟ್ ಮಾತು ನಡೆಯುತ್ತಿದ್ದರೆ ಆ ತಿಂಗಳುಗಳನ್ನು ಕಳೆದು ಮೊತ್ತ ಬರೆಯಿರಿ. ವರ್ಷದ ನಡುವೆ ಡೇಕೇರ್ ಬಿಡಿಸಿದರೆ ಮೊತ್ತ ಇಳಿಸಲು ಹೆಚ್ಚಿನ ಪ್ಲಾನ್‌ಗಳಲ್ಲಿ ಅವಕಾಶವಿದೆ. ಸಾಮಾನ್ಯವಾಗಿ 30 ದಿನದೊಳಗೆ ತಿಳಿಸಬೇಕು. ಹೊಸ ಮಗು ಹುಟ್ಟಿದಾಗ ಮೊತ್ತ ಏರಿಸಲೂ ಹಾಗೆಯೇ.

ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ನಮ್ಮ ಆಂಟಿಯರ ಬಳಿ ಬಿಡುವವರು ಮೊದಲ ದಿನವೇ ಮಾತಾಡಿಕೊಳ್ಳಿ. ಟ್ಯಾಕ್ಸ್ ಫೈಲ್ ಮಾಡುವಾಗ ಫಾರಂ 2441ರಲ್ಲಿ ಅವರ ಹೆಸರು, ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು. ಆ ಆದಾಯಕ್ಕೆ ಅವರೂ ತೆರಿಗೆ ಕಟ್ಟಬೇಕಾಗುತ್ತದೆ. ಏಪ್ರಿಲ್‌ನಲ್ಲಿ ದಿಢೀರನೆ ಕೇಳಿದರೆ ಅವರಿಗೆ ಅನ್ಯಾಯ.

ಕೊನೆಗೊಂದು ವಿಷಯ. ಈ ಖಾತೆ ಮಕ್ಕಳಿಗಷ್ಟೇ ಅಲ್ಲ. ಗ್ರೀನ್ ಕಾರ್ಡ್ ಪಡೆದು ನಿಮ್ಮ ಜೊತೆಗೇ ಇರುವ, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ತಂದೆ ತಾಯಿ ಟ್ಯಾಕ್ಸ್ ಲೆಕ್ಕದಲ್ಲಿ ನಿಮ್ಮ ಡಿಪೆಂಡೆಂಟ್ ಆಗಿದ್ದರೆ, ಅವರ ಅಡಲ್ಟ್ ಡೇಕೇರ್ ಖರ್ಚಿಗೂ ಇದೇ ಹಣ ಬಳಸಬಹುದು.