ಬೋರ್ಡ್ ಯಾಕೆ ತೆಗೆದದ್ದು ಅಂತ ಕೇಳ್ತಾ ಇದ್ದೀರಲ್ಲ, ಹೇಳ್ತೇನೆ

ನಮಸ್ಕಾರ ಎಲ್ರಿಗೂ,

ಮುಂಬೈ ಮಾಟುಂಗಾದ ನಮ್ಮ ಹೋಟೆಲಿಗೆ ಬರುವ ಗಿರಾಕಿಗಳಿಗೆ ಈ ಪತ್ರ. ಮರಾಠಿ, ಗುಜರಾತಿಯಲ್ಲಿ ಬರೆಸಿದ್ದನ್ನ ಗಲ್ಲಾದ ಪಕ್ಕ ಅಂಟಿಸಿದ್ದೇವೆ, ಅದು ನಾಲ್ಕೇ ಲೈನು. ಕನ್ನಡದವ್ರಿಗೆ ಮಾತ್ರ ನಾನೇ ಮೊಬೈಲಲ್ಲಿ ಟೈಪ್ ಮಾಡ್ತಾ ಇದ್ದೇನೆ, ಮಧ್ಯಾಹ್ನದ ಊಟದ ರಶ್ಶು ಮುಗಿದು ಸಂಜೆ ತಿಂಡಿ ಶುರುವಾಗುವ ಮೊದಲು ಸಿಗುವ ಒಂದೂವರೆ ಗಂಟೆಯಲ್ಲಿ, ಹಾಗಾಗಿ ಉದ್ದ ಆದ್ರೆ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಗಲ್ಲಾದ ಮೇಲೆ ಒಂದು ಬೋರ್ಡ್ ಇತ್ತಲ್ಲ, ಕೆಂಪು ಅಕ್ಷರದ್ದು, "ಸಾಮಾನು, ವಾಹನ, ಯಾವುದೇ ಅಪಘಾತಕ್ಕೆ ಮಾಲೀಕರು ಜವಾಬ್ದಾರರಲ್ಲ" ಅಂತ ಮೂರು ಭಾಷೆಯಲ್ಲಿ. ನಮ್ಮ ತಂದೆಯವ್ರು ಹಾಕಿಸಿದ್ದು. ದೇವರ ಫೋಟೋದ ಪಕ್ಕದಲ್ಲೇ ಇದ್ದ ಕಾರಣ ಬೆಳಿಗ್ಗೆ ಊದುಬತ್ತಿ ತೋರಿಸುವಾಗ ಅದಕ್ಕೂ ಒಂದು ಸುತ್ತು ಬೀಳ್ತಿತ್ತು, ಅಷ್ಟು ವರ್ಷದ ಹೊಗೆ ಹಿಡಿದು ಕೆಂಪು ಅಕ್ಷರ ಕಂದು ಆಗಿತ್ತು. ಅದನ್ನ ಹೋದ ವಾರ ಸ್ಕ್ರೂ ಬಿಚ್ಚಿ ತೆಗೆದದ್ದು ನಾನೇ. ಈಗ ಅಲ್ಲಿ ಚೌಕದ ಬಿಳಿ ಗುರುತು ಕಾಣ್ತದೆ, ಪೇಂಟ್ ಹೊಡೆಸ್ಲಿಕ್ಕೆ ಪುರುಸೊತ್ತಾಗ್ಲಿಲ್ಲ.

ಕಾರಣ ಜುಲೈಯಲ್ಲಿ ಆದದ್ದು. ಭಾನುವಾರ, ಮೈಸೂರು ಅಸೋಸಿಯೇಷನ್ನಲ್ಲಿ ಎಂತದೋ ಕಾರ್ಯಕ್ರಮ ಮುಗಿದು ಜನ ಒಟ್ಟಿಗೇ ಬಂದ್ರು, ಹೊರಗೆ ಮಳೆ ಅಂದ್ರೆ ಮಳೆ. ಬಾಗಿಲಲ್ಲಿ ಹಾಕಿದ ಗೋಣಿ ಬೆಳಿಗ್ಗೆಯೇ ಒದ್ದೆಯಾಗಿ ನೀರು ಕಕ್ತಾ ಇತ್ತು. ಅದಲ್ಲದೆ ಕೈ ತೊಳಿಯುವ ಬೇಸಿನ್ನಿನ ಕೆಳಗಿನ ಪೈಪು ನಾಲ್ಕು ದಿನದಿಂದ ಸೋರ್ತಿತ್ತು, ಪ್ಲಂಬರ್ ನಾಳೆ ನಾಳೆ ಅಂತಿದ್ದ, ನಾನೂ ಆಯ್ತು ಅಂತಿದ್ದೆ. ಕ್ಲೀನರ್ ಹುಡುಗ ಅವನ ಬುದ್ಧಿಗೆ ತೋಚಿದ ಹಾಗೆ ನೀರಿನ ಮೇಲೆ ಹಳೇ ಪೇಪರ್ ಹಾಸಿದ್ದ. ಕಡಪ ಕಲ್ಲಿನ ಮೇಲೆ ಒದ್ದೆ ಪೇಪರು, ಅದರ ಮೇಲೆ ರಬ್ಬರ್ ಚಪ್ಪಲಿ. ನಮ್ಮಲ್ಲಿ ಮೂವತ್ತು ವರ್ಷದಿಂದ ಬರುವ ಒಬ್ರು ಅಮ್ಮ, ಕೂತು ಆರ್ಡರ್ ಕೊಡುವ ಮೊದಲು ಕೈ ತೊಳ್ಕೊಂಡು ಬರ್ತೇನೆ ಅಂತ ಹೋದವ್ರು ಅಲ್ಲೇ ಜಾರಿ ಬಿದ್ರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು, ಆರು ವಾರ ಪ್ಲಾಸ್ಟರ್. ಎತ್ತುವಾಗ್ಲೂ ಅವ್ರು "ನಂದೇ ತಪ್ಪು ಮಾರಾಯಾ, ನೋಡ್ಲಿಲ್ಲ" ಅಂತಲೇ ಹೇಳ್ತಾ ಇದ್ರು. ಅವ್ರ ಚಪ್ಪಲಿಯ ಅಡಿಗೆ ಆ ಪೇಪರಿನ ತುಂಡು ಅಂಟಿಕೊಂಡೇ ಇತ್ತು.

ಸಂಜೆ ಅವ್ರ ಮಗ ಬಂದ್ರು. ಜಗಳ ಮಾಡುವ ಜನ ಅಲ್ಲ. ನಾನು ಬಾಯಲ್ಲಿ ಎಂತದೂ ಹೇಳ್ಲಿಲ್ಲ, ಆದ್ರೆ ಕಣ್ಣು ಸೀದಾ ಬೋರ್ಡಿನ ಮೇಲೆ ಹೋಯ್ತು, ಅದು ಅವ್ರಿಗೆ ಕಂಡಿತು. "ಬೋರ್ಡ್ ಓದಿದ್ದೇನೆ ಅಣ್ಣಾ, ಆ ನೀರು ಯಾರದ್ದು?" ಅಂತ ಕೇಳಿದ್ರು, ಅಷ್ಟೇ. ಆಸ್ಪತ್ರೆ ಬಿಲ್ಲು ಕೊಡ್ತೇನೆ ಅಂದ್ರೂ ತಗೊಳ್ದೆ ಹೋದ್ರು. (ಆಮೇಲೆ ಮನೆಗೆ ಹೋಗಿ ಕೊಟ್ಟು ಬಂದೆ, ಆ ವಿಷಯ ಬೇರೆ.)

ರಾತ್ರಿ ಮಲಗಿದಾಗ ನನ್ನ ತಲೆಯಲ್ಲಿ ಬಂದದ್ದು ಎಂತ ಗೊತ್ತುಂಟಾ, ಅವ್ರು ಇನ್ನೂ ಆರ್ಡರೇ ಕೊಟ್ಟಿರ್ಲಿಲ್ಲ, ಬಿಲ್ಲೇ ಆಗಿರ್ಲಿಲ್ಲ, ಹಾಗಾದ್ರೆ ಗಿರಾಕಿ ಅಂತ ಲೆಕ್ಕವಾ ಅಂತ. ನಾಚಿಕೆಯ ಮಾತು, ಆದ್ರೆ ಬಂದದ್ದು ಹೌದು. ಬೆಳಿಗ್ಗೆ ಇಡ್ಲಿಗೆ ಬರುವ ನಮ್ಮ ವಕೀಲ್ರ ಹತ್ರ ಹೇಳಿದೆ. ಅವ್ರು ನಗಾಡಿ ಸ್ಕಾಟ್ಲೆಂಡಿನ ಒಂದು ಕಥೆ ಹೇಳಿದ್ರು. 1928ರಲ್ಲಿ ಪೇಸ್ಲಿ ಅನ್ನುವ ಊರಲ್ಲಿ ಒಬ್ಬ ಹೆಂಗಸಿಗೆ ಅವ್ಳ ಗೆಳತಿ ಕೆಫೆಯಲ್ಲಿ ಜಿಂಜರ್ ಬಿಯರ್ ಕೊಡಿಸಿದ್ಲಂತೆ, ಬಾಟ್ಲಿಯಲ್ಲಿ ಕೊಳೆತ ಬಸವನಹುಳ ಇತ್ತು ಅಂತ ಇವ್ಳ ಕಂಪ್ಲೇಂಟು, ಕಾಯಿಲೆ ಬಿದ್ಲು. ದುಡ್ಡು ಕೊಟ್ಟದ್ದು ಗೆಳತಿ, ಕುಡಿದದ್ದು ಇವ್ಳು, ಹಾಗಾಗಿ ಇವ್ಳಿಗೂ ಮಾರಿದವ್ರಿಗೂ ಕರಾರೇ ಇಲ್ಲ. ಇವ್ಳು ಜಿಂಜರ್ ಬಿಯರ್ ತಯಾರಿಸಿದವನ ಮೇಲೆ ಕೇಸ್ ಹಾಕಿದ್ಲು. 1932ರಲ್ಲಿ ಅಲ್ಲಿನ ದೊಡ್ಡ ಕೋರ್ಟು ಹೇಳಿತು, ಬಿಲ್ಲು ಯಾರ ಹೆಸ್ರಲ್ಲಿ ಅಂತಲ್ಲ, ನೀನು ಮಾಡುವ ಕೆಲಸದಿಂದ ಯಾರಿಗೆ ಪೆಟ್ಟಾಗಬಹುದು ಅಂತ ನಿಂಗೆ ಮೊದಲೇ ಅಂದಾಜು ಮಾಡ್ಲಿಕ್ಕೆ ಆಗ್ತದೋ ಅವ್ರ ಬಗ್ಗೆ ಜಾಗ್ರತೆ ಇರ್ಬೇಕು. ನಮ್ಮ ಕೋರ್ಟುಗಳೂ ಇದನ್ನೇ ಹಿಡ್ಕೊಂಡು ಬಂದಿವೆ ಅಂದ್ರು. "ಒದ್ದೆ ನೆಲದ ಕೇಸಲ್ಲಿ ಕೇಳುವುದು ಎರಡೇ ಪ್ರಶ್ನೆ ಶೇಠ್, ಜಾರ್ತದೆ ಅಂತ ಗೊತ್ತಿತ್ತಾ, ಗೊತ್ತಿದ್ದೂ ಎಂತ ಮಾಡಿದ್ರಿ." ಗೊತ್ತಿತ್ತು, ಪೇಪರ್ ಹಾಸಿದೆವು.

ಹಾಗಾದ್ರೆ ಬೋರ್ಡ್? ಅದಕ್ಕೆ ಅವ್ರು ಇನ್ನೊಂದು ಕೇಸು ತೆಗೆದ್ರು, ಇದು ನಮ್ಮ ದೇಶದ್ದೇ, ಕೇಳಿ ನಂಗೆ ಅವತ್ತು ಇಡೀ ದಿನ ಗಲ್ಲಾದಲ್ಲಿ ಚಿಲ್ಲರೆ ಲೆಕ್ಕ ತಪ್ಪಿತು. 1998ರಲ್ಲಿ ದಿಲ್ಲಿಯ ತಾಜ್ ಮಹಲ್ ಹೋಟೆಲಿಗೆ ಒಬ್ರು ರಾತ್ರಿ ಮಾರುತಿ ಜೆನ್ ಕಾರಲ್ಲಿ ಬಂದು, ಬಾಗಿಲಲ್ಲಿ ಪಾರ್ಕಿಂಗ್ ಹುಡುಗನಿಗೆ ಕೀ ಕೊಟ್ಟು ಒಳಗೆ ಹೋದ್ರು. ವಾಪಸ್ ಬರುವಾಗ ಕಾರಿಲ್ಲ. ಬೇರೆ ಕಾರಲ್ಲಿ ಬಂದಿದ್ದ ಮೂರು ಹುಡುಗರು ತಮ್ಮ ಗಾಡಿ ತರ್ಲಿಕ್ಕೆ ಹೇಳಿ, ಆ ಗಡಿಬಿಡಿಯಲ್ಲಿ ಒಬ್ಬ ಜೆನ್ನಿನ ಕೀ ಎತ್ತಿಕೊಂಡು ಕಾರು ಹೊಡ್ಕೊಂಡು ಹೋಗಿದ್ದ. ಹೋಟೆಲಿನವ್ರು ತೋರಿಸಿದ್ದು ಟೋಕನ್ನು, ಅದರ ಮೇಲೆ ಪ್ರಿಂಟ್ ಇತ್ತು, ಕಳವಾದ್ರೆ ಹಾಳಾದ್ರೆ ಓನರ್ಸ್ ರಿಸ್ಕ್ ಅಂತ. ನಮ್ಮ ಬೋರ್ಡಿನ ಅಣ್ಣನೇ ಅದು. ಇಪ್ಪತ್ತೊಂದು ವರ್ಷ ಎಳೆದು 2019ರ ನವೆಂಬರ್ 14ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಬರೆದವ್ರು ನಮ್ಮ ಹಾವೇರಿ ಕಡೆಯ ಜಸ್ಟಿಸ್ ಮೋಹನ ಶಾಂತನಗೌಡರ್. ಕೀ ನಿಮ್ಮ ಕೈಗೆ ಬಂತು ಅಂದ್ಮೇಲೆ ಗಾಡಿ ನಿಮ್ಮ ಸುಪರ್ದಿಗೆ ಬಂದ ಹಾಗೆ, ಹೋದ್ರೆ ನಾವು ಸರಿಯಾಗಿ ನೋಡ್ಕೊಂಡಿದ್ವಿ ಅಂತ ತೋರಿಸ್ಬೇಕಾದ್ದು ಹೋಟೆಲು, ನಿಮ್ಮದೇ ಬೇಜವಾಬ್ದಾರಿಯಿಂದ ಆದದ್ದಕ್ಕೆ ಟೋಕನ್ ತೋರಿಸಿ ತಪ್ಪಿಸ್ಕೊಳ್ಲಿಕ್ಕೆ ಆಗುವುದಿಲ್ಲ ಅಂತ. ಅಷ್ಟು ದೊಡ್ಡ ತಾಜ್‌ನವ್ರ ಟೋಕನ್ನೇ ನಿಲ್ಲದಿದ್ರೆ ನಮ್ಮ ಊದುಬತ್ತಿ ಹೊಗೆ ಹಿಡಿದ ತಗಡು ಎಲ್ಲಿ ನಿಲ್ತದೆ.

ಇದಕ್ಕೆಲ್ಲ ಬುಡ 1872ರ ಕರಾರು ಕಾಯಿದೆ, 151ನೇ ಕಲಂ. ಬೇರೆಯವ್ರು ನಮ್ಮ ಕೈಗೆ ಒಪ್ಪಿಸಿದ ವಸ್ತುವನ್ನ, ಸಾಧಾರಣ ಬುದ್ಧಿ ಇರುವ ಮನುಷ್ಯ ಅಂಥದ್ದೇ ತನ್ನ ವಸ್ತುವನ್ನ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಜೋಪಾನ ಮಾಡ್ಬೇಕು ಅಂತ. ಇಟ್ಟುಕೊಂಡದ್ದಕ್ಕೆ ದುಡ್ಡು ತಗೊಳ್ದಿದ್ರೂ ಇದೇ ಲೆಕ್ಕ. ಆಗ ನಂಗೆ ನಮ್ಮ ಬಾಗಿಲ ಹುಡುಗನ ನೆನಪಾಯ್ತು. ನೀವೆಲ್ಲ ಅವನ ಕೈಗೆ ಕೀ ಬಿಸಾಡಿ ಒಳಗೆ ಬರ್ತಿದ್ರಿ, ಟೋವಿಂಗ್ ಗಾಡಿ ಬಂದ್ರೆ ಅವ್ನು ಕಾರು ತೆಗೆದು ಆಚೆ ಗಲ್ಲಿಯಲ್ಲಿ ನಿಲ್ಲಿಸ್ತಿದ್ದ. ನಿಮಗೂ ಅನುಕೂಲ, ನಮಗೂ ಗಿರಾಕಿ. ಅವನನ್ನ ಕರೆದು ಲೈಸೆನ್ಸ್ ತೋರಿಸು ಅಂದೆ. ಟೂ ವೀಲರಿನದ್ದು ಮಾತ್ರ! ನಾಲ್ಕು ವರ್ಷದಿಂದ ಮರ್ಸಿಡಿಸ್ ಕೂಡ ತೆಗೆದಿದ್ದಾನೆ ಮಾರಾಯ್ರೆ, ದೇವರು ದೊಡ್ಡವ್ನು.

ಹಾಗಾಗಿ ಮುಂದಿನ 1ನೇ ತಾರೀಕಿನಿಂದ ಯಾರ ಗಾಡಿ ಕೀಯನ್ನೂ ನಾವು ಮುಟ್ಟುವುದಿಲ್ಲ. ಹುಡುಗನಿಗೆ ಬೈಬೇಡಿ, ಐದು ನಿಮಿಷ ಅಷ್ಟೇ ಅಂತ ಒತ್ತಾಯವೂ ಮಾಡ್ಬೇಡಿ, ಹೇಳಿದ್ದು ನಾನು. ಕಿಂಗ್ಸ್ ಸರ್ಕಲಿನಿಂದ ನಡೆದು ಬರ್ಬೇಕಾಗ್ತದೆ ಅಂತ ಕೆಲವ್ರು ಈಗಾಗ್ಲೇ ಗೊಣಗಿದ್ದಾರೆ, ಗೊತ್ತು. ಬ್ಯಾಗು, ಹೆಲ್ಮೆಟ್ಟು, ದಾದರಿನಿಂದ ತಂದ ಹೂವಿನ ಕಟ್ಟು, ಸೀರೆ ಪೆಟ್ಟಿಗೆ ಇವೆಲ್ಲ "ಗಲ್ಲಾದಲ್ಲಿ ಇರ್ಲಿ, ಒಂದು ರೌಂಡ್ ಮಾರ್ಕೆಟಿಗೆ ಹೋಗಿ ಬರ್ತೇನೆ" ಅಂತ ಬಿಟ್ಟು ಹೋಗುವುದೂ ಇನ್ನು ಬೇಡ. ಹೋಟೆಲಿನಲ್ಲಿ ಕೂತಿದ್ದಾಗ ನಿಮ್ಮ ಹತ್ರ ಇಟ್ಕೊಳ್ಳಿ. ಜವಾಬ್ದಾರಿ ಇಲ್ಲ ಅಂತ ಬರೆದು ಎಲ್ಲವನ್ನೂ ಇಟ್ಟುಕೊಳ್ಳುವುದಕ್ಕಿಂತ, ನಮ್ಮಿಂದ ಆಗುವಷ್ಟೇ ಇಟ್ಟುಕೊಂಡು ಅದಕ್ಕೆ ಜವಾಬ್ದಾರಿ ಹೌದು ಅನ್ನುವ ಅಂತ ಮಾಡಿದ್ದೇವೆ.

ಒಳಗೆ ಮಾಡಿದ್ದು ಹೇಳ್ತೇನೆ. ಪೈಪು ಮಾರನೇ ದಿನವೇ ರಿಪೇರಿ ಆಯ್ತು (ಬೇರೆ ಪ್ಲಂಬರ್). ಬೇಸಿನ್ನಿನ ಎದುರು ಕಡಪ ತೆಗೆದು ಜಾರದ ಒರಟು ಟೈಲ್ಸ್ ಹಾಕಿಸಿದ್ದೇವೆ, ನೋಡ್ಲಿಕ್ಕೆ ಚಂದ ಇಲ್ಲ. ಗೋಣಿ ಹೋಗಿ ರಬ್ಬರ್ ಮ್ಯಾಟ್ ಬಂತು. ಮಳೆಗಾಲದಲ್ಲಿ ಒಬ್ಬ ಹುಡುಗನಿಗೆ ನೆಲ ಒರೆಸುವುದೇ ಕೆಲಸ, ಟೇಬಲ್ ಕೆಲಸ ಇಲ್ಲ.

ನಡುವಿನ ಸಾಲಿನಲ್ಲಿ ಎರಡು ಟೇಬಲ್ ತೆಗೆದಿದ್ದೇವೆ. ಭಾನುವಾರ ನೀವು ಹೊರಗೆ ಇನ್ನೂ ಹತ್ತು ನಿಮಿಷ ಹೆಚ್ಚು ನಿಲ್ಬೇಕಾಗ್ತದೆ, ಅದಕ್ಕೆ ಮಾತ್ರ ಕ್ಷಮೆ ಇರ್ಲಿ. ಆದ್ರೆ ಕುದಿಯುವ ಸಾಂಬಾರಿನ ಬಕೆಟ್ ಹಿಡಿದ ಸಪ್ಲಯರ್ ಒಂದು ಕಡೆಯಿಂದ, ಎಂಜಲು ಪ್ಲೇಟಿನ ಟಬ್ ಹಿಡಿದ ಕ್ಲೀನರ್ ಇನ್ನೊಂದು ಕಡೆಯಿಂದ, ನಡುವೆ ಓಡಾಡುವ ನಿಮ್ಮ ಮಕ್ಕಳು, ಇದನ್ನ ಗಲ್ಲಾದಲ್ಲಿ ಕೂತು ದಿನಾ ನೋಡುವವ್ನಿಗೇ ಗೊತ್ತು ಎದೆ ಹೇಗೆ ಹೊಡ್ಕೊಳ್ತದೆ ಅಂತ. ಮಕ್ಕಳನ್ನ ಗೋಡೆ ಬದಿಗೆ ಕೂರಿಸಿ ಅಂತ ಸಪ್ಲಯರ್ ಹೇಳಿದ್ರೆ ಬೇಜಾರು ಮಾಡ್ಬೇಡಿ. ಮುಂಚೆ ಕಾಫಿ ಚೆಲ್ಲಿದ್ರೆ ಹುಡುಗರ ಪಗಾರದಲ್ಲಿ ಕಟ್ ಮಾಡ್ತಿದ್ದೆ, ಅದನ್ನೂ ಬಿಟ್ಟೆ. ಕೆಲಸದಲ್ಲಿದ್ದಾಗ ಅವ್ನು ಮಾಡಿದ ತಪ್ಪಿಗೆ ಕಾನೂನು ಹಿಡಿಯುವುದು ನನ್ನನ್ನ, ಮತ್ತೆ ಅಷ್ಟು ಇಕ್ಕಟ್ಟಿನಲ್ಲಿ ಟೇಬಲ್ ತುರುಕಿದ್ದು ಅವ್ನಲ್ಲ.

ಹಿಂದಿನ ಬಾಗಿಲ ಹತ್ರ ಈರುಳ್ಳಿ ಚೀಲ ಪೇರಿಸ್ತಿದ್ದೆವು, ಅದರಾಚೆ ನಿಮ್ಮಲ್ಲಿ ಕೆಲವ್ರ ಸ್ಕೂಟರು. ಎರಡೂ ಬಂದ್. ಕಮಲಾ ಮಿಲ್ಸ್ ಇಲ್ಲಿಂದ ಎಷ್ಟು ದೂರ ಹೇಳಿ, ಪರೇಲ್ ದಾಟಿದ್ರೆ ಆಯ್ತು. 2017ರ ಡಿಸೆಂಬರ್ 29ರ ಮಧ್ಯರಾತ್ರಿ ಅಲ್ಲಿನ ಟೆರೇಸ್ ರೆಸ್ಟೋರೆಂಟಲ್ಲಿ ಬೆಂಕಿ ಬಿದ್ದು 14 ಜನ ಹೋದ್ರು, ಸುಟ್ಟು ಹೋದದ್ದಕ್ಕಿಂತ ಹೊಗೆಗೆ ಹೋದದ್ದು, ದಾರಿ ಕಾಣದೆ ಟಾಯ್ಲೆಟ್ಟಿಗೆ ಓಡಿ ಅಲ್ಲೇ ಉಸಿರು ಕಟ್ಟಿತು. ಆ ವಾರ ಬಿಎಂಸಿಯವ್ರು (ಮುಂಬೈ ಪಾಲಿಕೆ) ಎಲ್ಲ ಕಡೆ ಸುತ್ತಾಡಿದ್ರು, ನಾವೂ ಚೀಲ ಸರಿಸಿದೆವು, ಮಾರ್ಚಿಗೆ ಚೀಲ ವಾಪಸ್ ಅಲ್ಲೇ. ವರ್ಷಕ್ಕೆ ಎರಡು ಸಲ, ಜನವರಿ ಮತ್ತೆ ಜುಲೈಯಲ್ಲಿ, ಬೆಂಕಿ ಆರಿಸುವ ಸಾಮಾನು ಸರಿ ಉಂಟು ಅಂತ ಫಾರ್ಮ್ ಬಿ ಕೊಡ್ಬೇಕು ನಾವು, ಕೊಡ್ತಲೂ ಇದ್ದೇವೆ, ಆದ್ರೆ ಫಾರ್ಮಿಗೆ ಈರುಳ್ಳಿ ಚೀಲ ಕಾಣುವುದಿಲ್ಲ. ಈಗ ಆ ಬಾಗಿಲಿನ ಎದುರು ನೆಲಕ್ಕೆ ಹಳದಿ ಪಟ್ಟೆ ಹೊಡೆಸಿದ್ದೇನೆ, ಅದರೊಳಗೆ ಎಂತದೂ ಇಡುವ ಹಾಗಿಲ್ಲ, ನನ್ನ ಕುರ್ಚಿ ಸಮೇತ.

ಪಾರ್ಸಲ್ ತಗೊಳ್ಳುವವ್ರಿಗೆ: ಕಾಯಿ ಚಟ್ನಿ ಮುಂಬೈ ಸೆಕೆಯಲ್ಲಿ ಎಷ್ಟು ಹೊತ್ತು ಇರ್ತದೆ ಅಂತ ನಿಮಗೆ ಬೇರೆ ಹೇಳ್ಬೇಕಾಗಿಲ್ಲ, ಆದ್ರೂ ಕಟ್ಟಿದ ಟೈಮ್ ಪ್ಯಾಕೆಟ್ ಮೇಲೆ ಬರೆದು ಕೊಡ್ತೇವೆ, ಎರಡು ಗಂಟೆ ಒಳಗೆ ತಿನ್ನಿ. ರಾತ್ರಿ ರೈಲಿಗೆ ಊರಿಗೆ ಹೊರಟವ್ರಿಗೆ ಚಟ್ನಿ ಬದ್ಲು ಚಟ್ನಿಪುಡಿ. ಆಹಾರ ಸುರಕ್ಷತಾ ಕಾಯಿದೆ 2006ರದ್ದು, ಅದರ 65ನೇ ಕಲಂನಲ್ಲಿ ಕೆಟ್ಟ ತಿಂಡಿಯಿಂದ ಜೀವ ಹೋದ್ರೆ 5 ಲಕ್ಷಕ್ಕೆ ಕಡಿಮೆ ಇಲ್ಲದ ಹಾಗೆ, ದೊಡ್ಡ ತೊಂದರೆಗೆ 3 ಲಕ್ಷದ ತನಕ, ಚಿಕ್ಕದಕ್ಕೆ 1 ಲಕ್ಷದ ತನಕ ಪರಿಹಾರ ಅಂತ ಉಂಟು. ಭಟ್ರಿಗೆ ಇದನ್ನ ಓದಿ ಹೇಳಿದೆ. ಅವ್ರು ಚಟ್ನಿ ಪಾತ್ರೆ ಕಡೆ ನೋಡಿದ್ರು, ಏನೂ ಮಾತಾಡ್ಲಿಲ್ಲ, ಅವತ್ತಿಂದ ಬೆಳಿಗ್ಗೆದ್ದನ್ನ ಸಂಜೆಗೆ ಸೇರಿಸುವುದು ನಿಂತಿತು. ಹಾಂ, ಮುಂಚೆ ಸೇರಿಸ್ತಿದ್ದೆವು.

ರೇಟಿನ ವಿಷಯ. ಹೋಟೆಲಿನಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಅಂತ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಮಾಡಿಸಿದ್ದೇವೆ, ಟೇಬಲೂ ಎರಡು ಕಡಿಮೆ ಆಯ್ತು, ಹಾಗಾಗಿ ಕಾಫಿಗೆ 2 ರೂಪಾಯಿ, ದೋಸೆಗೆ 5 ರೂಪಾಯಿ ಜಾಸ್ತಿ. ಸರ್ವಿಸ್ ಚಾರ್ಜ್ ಅಂತ ಬಿಲ್ಲಿನ ಕೆಳಗೆ ಸೇರಿಸಿ ಕೊಡುವವ್ರು ನಾವಲ್ಲ, 2022ರಲ್ಲಿ ಗ್ರಾಹಕರ ಪ್ರಾಧಿಕಾರ ಅದು ಕೂಡದು ಅಂದದ್ದೂ ಉಂಟು.

ಆ ಅಮ್ಮ ಸೆಪ್ಟೆಂಬರಲ್ಲಿ ಪುನಃ ಬಂದ್ರು. ಮೊದ್ಲು ಬೇಸಿನ್ ಹತ್ರ ಹೋಗಿ ಹೊಸ ಟೈಲ್ಸಿನ ಮೇಲೆ ಚಪ್ಪಲಿ ಎರಡು ಸಲ ಉಜ್ಜಿ ನೋಡಿ, ಆಮೇಲೆ ಕೂತ್ರು. ಕಾಫಿ ಎಡಗೈಯಲ್ಲೇ ಕುಡಿದ್ರು.

ಕೊನೆಗೊಂದು. ಬಿಟ್ಟು ಹೋದ ಸಾಮಾನನ್ನ ಎತ್ತಿಟ್ಟವನಿಗೂ ಅದೇ ಕರಾರು ಕಾಯಿದೆಯ 71ನೇ ಕಲಂ ಪ್ರಕಾರ ಒಪ್ಪಿಸಿಕೊಂಡವನಷ್ಟೇ ಹೊಣೆ, ಹಾಗಾಗಿ ಬಿಸಾಡ್ಲಿಕ್ಕೂ ಆಗುವುದಿಲ್ಲ. ಗಲ್ಲಾದ ಕೆಳಗೆ ಈಗ 11 ಛತ್ರಿ, 2 ಹೆಲ್ಮೆಟ್, ಒಂದು ಕುಕ್ಕರಿನ ಮುಚ್ಚಳ, ಯಾರದ್ದೋ ಮಗಳ ಮದುವೆಯ 40 ಇನ್ವಿಟೇಷನ್ (ಮುಹೂರ್ತ ಮೇ ತಿಂಗಳಲ್ಲೇ ಆಗಿ ಹೋಯ್ತು), ಮತ್ತೆ ಟಿಶ್ಯೂ ಪೇಪರಲ್ಲಿ ಸುತ್ತಿದ ಒಂದು ಹಲ್ಲಿನ ಸೆಟ್ಟು ಉಂಟು. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಿಂಗಳು ಮುಗಿಯುವುದರೊಳಗೆ ಬಂದು ಸೈನ್ ಹಾಕಿ ತಗೊಂಡು ಹೋಗಿ. ಹಲ್ಲಿನವ್ರು ಮಧ್ಯಾಹ್ನ ಮೂರರ ನಂತರ ಬನ್ನಿ, ಆಗ ಜನ ಇರುವುದಿಲ್ಲ.

ನಿಮ್ಮ,
ಗಲ್ಲಾದಲ್ಲಿ ಕೂರುವವ್ನು