ಭಾನುವಾರದ ಚಹಾ: ವಾಕಿಂಗ್ ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಕುಂದವಾಡ ಕೆರೆ ಸುತ್ತು ಮುಗಿದ ಮೇಲೆ ಎಂದಿನಂತೆ ಚಹಾ ಇದೆ. ಪೇಪರ್ ಕಪ್ ತರಿಸುತ್ತಿಲ್ಲ, ಅದರೊಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಮನೆಯಿಂದ ಸ್ಟೀಲ್ ಲೋಟ ತನ್ನಿ.

ಕಬ್ಬಿಣಾಂಶದ ಮಾತ್ರೆ ನುಂಗುವವರು ದಯವಿಟ್ಟು ಚಹಾ ಜೊತೆ ನುಂಗಬೇಡಿ. ಚಹಾಕ್ಕೆ ಒಗರು ಕೊಡುವ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪು, ಕಾಳಿನ ಊಟ ಆದ ಕೂಡಲೇ ಕುಡಿದರೂ ಅಷ್ಟೇ. ಒಂದು ಗಂಟೆಯಾದರೂ ಬಿಡಿ. ರಕ್ತಹೀನತೆ ಇರುವ ಅಕ್ಕ-ತಂಗಿಯರು ಇದನ್ನು ಮರೆಯಲೇಬೇಡಿ.

ಕುದಿಕುದಿ ಚಹಾ ಬಾಯಿಗೆ ಹಾಕಿಕೊಳ್ಳುವುದೂ ಬೇಡ. 65 ಡಿಗ್ರಿಗಿಂತ ಬಿಸಿಯಾದ ಪಾನೀಯದಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ನಮ್ಮ ಹಿರಿಯರು ಬಸಿಗೆ ಸುರಿದು, ಊದಿ, ಆರಿಸಿ ಕುಡಿಯುತ್ತಿದ್ದರಲ್ಲ, ಅದು ನಿಜಕ್ಕೂ ಒಳ್ಳೆಯ ರೂಢಿ.

ಚಹಾ ಬಿಡಿ ಅಂತ ನಾನು ಹೇಳುವುದಿಲ್ಲ. ಮಂಡಕ್ಕಿ ಮಿರ್ಚಿ ತಿಂದ ಮೇಲೆ ಅರ್ಧ ಚಹಾ ಇಲ್ಲದಿದ್ದರೆ ದಾವಣಗೆರೆಯ ಸಂಜೆಯೇ ಅಲ್ಲ. ಸಕ್ಕರೆ ಮಾತ್ರ ಕಡಿಮೆ ಮಾಡೋಣ. ನಿದ್ದೆ ಬಾರದವರು ಸಂಜೆಯ ಚಹಾ ಬಿಟ್ಟು ನೋಡಿ.

ಭಾನುವಾರ ಶುಂಠಿ, ಏಲಕ್ಕಿ ಹಾಕಿಸುತ್ತೇವೆ, ಸಕ್ಕರೆ ಬೇರೆ ಇಡುತ್ತೇವೆ. ಹಾಲಿಲ್ಲದ ಚಹಾ ಬೇಕಾದವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.