ಬೆನ್ನು ನೆಟ್ಟಗಿರಲಿ, ಬ್ಯಾಗ್ ಹಗುರವಾಗಲಿ

ಪ್ರೀತಿಯ ಪೋಷಕರಿಗೆ ನಮಸ್ಕಾರ.

"ನೆಟ್ಟಗೆ ಕೂತ್ಕೋ" ಅಂತ ಮನೆಯಲ್ಲಿ ನೀವು, ಕ್ಲಾಸಿನಲ್ಲಿ ನಾವು ದಿನಾ ಹೇಳುತ್ತಲೇ ಇರುತ್ತೇವೆ. ಆದರೆ ಮಣಭಾರದ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿ ಬಂದ ಮಗು ಹೇಗೆ ತಾನೇ ನೆಟ್ಟಗೆ ಕೂತೀತು, ಅಲ್ವಾ?

ಕಳೆದ ವಾರ ಐದನೇ ತರಗತಿಯ ಬ್ಯಾಗುಗಳನ್ನು ತೂಕಕ್ಕಿಟ್ಟೆವು. ಒಂದು ಬ್ಯಾಗ್ 5 ಕೆ.ಜಿ. ದಾಟಿತ್ತು. ಬಿಚ್ಚಿ ನೋಡಿದರೆ ಆ ದಿನ ಇಲ್ಲದ ವಿಷಯಗಳ ಪುಸ್ತಕ, ಬರೆದು ಮುಗಿದ ನೋಟ್‌ಬುಕ್, ಟ್ಯೂಷನ್ನಿನ ಗೈಡು, ಲೀಟರ್ ಬಾಟಲಿ ತುಂಬ ನೀರು. ನೀರಿನ ತೂಕವೇ 1 ಕೆ.ಜಿ.! 2019ರ ಸರ್ಕಾರಿ ಸುತ್ತೋಲೆಯಂತೆ 1 ಮತ್ತು 2ನೇ ತರಗತಿಗೆ 2 ಕೆ.ಜಿ., 3ರಿಂದ 5ಕ್ಕೆ 3 ಕೆ.ಜಿ., 6ರಿಂದ 8ಕ್ಕೆ 4 ಕೆ.ಜಿ., 9 ಮತ್ತು 10ಕ್ಕೆ 5 ಕೆ.ಜಿ. ಮೀರಬಾರದು.

ರಾತ್ರಿ ಮಲಗುವ ಮುಂಚೆ ವೇಳಾಪಟ್ಟಿ ನೋಡಿ ಮಗುವೇ ಬ್ಯಾಗ್ ಜೋಡಿಸಿಕೊಳ್ಳಲಿ. ದಪ್ಪ ಪುಸ್ತಕ ಬೆನ್ನಿಗೆ ಅಂಟಿಕೊಂಡಿರಲಿ. ಪಟ್ಟಿ ಎರಡೂ ಭುಜಕ್ಕೆ ಬರಲಿ. ಶಾಲೆಯಲ್ಲಿ ಫಿಲ್ಟರ್ ನೀರಿದೆ, ಖಾಲಿ ಬಾಟಲಿ ಕಳಿಸಿದರೆ ಸಾಕು. ಪ್ರತಿ ತಿಂಗಳ ಮೂರನೇ ಶನಿವಾರ ಬ್ಯಾಗ್ ಬೇಡವೇ ಬೇಡ.

ಬ್ಯಾಗ್ ಹೊತ್ತ ಮಾತ್ರಕ್ಕೆ ಬೆನ್ನುಮೂಳೆ ಸೊಟ್ಟಗಾಗಿಬಿಡುತ್ತದೆ ಅಂತ ಗಾಬರಿಯಾಗಬೇಡಿ. ಕುತ್ತಿಗೆ, ಭುಜ, ಸೊಂಟ ನೋಯುವುದು ಮಾತ್ರ ನಿಜ. ಆದರೆ ಬೆಳೆಯುವ ವಯಸ್ಸಿನಲ್ಲಿ, ಅದರಲ್ಲೂ ಹತ್ತು ವರ್ಷ ದಾಟಿದ ಮೇಲೆ, ಒಂದು ಭುಜ ಮೇಲೆ ಇನ್ನೊಂದು ಕೆಳಗೆ ಕಂಡರೆ, ಅಥವಾ ಬಗ್ಗಿದಾಗ ಬೆನ್ನಿನ ಒಂದು ಬದಿ ಉಬ್ಬಿದರೆ, ಸುಮ್ನೆ ಬೈಯಬೇಡಿ. ಮೂಳೆ ಡಾಕ್ಟರ್ ಹತ್ತಿರ ತೋರಿಸಿ.

ನೆಟ್ಟಗೆ ಅಂದರೆ ಕೋಲಿನ ಹಾಗೆ ಸೆಟೆದುಕೊಳ್ಳುವುದೂ ಅಲ್ಲ. ಬೆನ್ನುಮೂಳೆಗೆ ಸಹಜ ಬಾಗುಗಳಿವೆ, ಅವು ಹಾಗೇ ಇರಬೇಕು. ಮನೆಯಲ್ಲಿ ಓದುವಾಗ ಪಾದ ನೆಲಕ್ಕೆ ತಾಗಲಿ. ತಾಗದಿದ್ದರೆ ಕಾಲಡಿಗೆ ಒಂದು ಮಣೆ ಇಡಿ. ಹಾಸಿಗೆ ಮೇಲೆ ಬೋರಲು ಬಿದ್ದು ಹೋಂವರ್ಕ್ ಬರೆಯುವುದು, ಮೊಬೈಲಿಗೆ ಕತ್ತು ಬಗ್ಗಿಸಿ ಕೂರುವುದು ಕಮ್ಮಿಯಾಗಲಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ. ಎಷ್ಟೇ ಚೆನ್ನಾಗಿ ಕೂತರೂ ಒಂದೇ ಸಮನೆ ಕೂತರೆ ಮೈ ಹಿಡಿದುಕೊಳ್ಳುತ್ತದೆ.

ನಮ್ಮ ಮೈಸೂರಿಗೆ ಇದು ಹೊಸ ಪಾಠವಲ್ಲ. ನಾಲ್ವಡಿಯವರ ಕಾಲದಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಹುಡುಗರಿಗೆ ಯೋಗ ಕಲಿಸುತ್ತಿದ್ದರು. ಬರುವ ಸೋಮವಾರದಿಂದ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಮಕ್ಕಳೂ ಐದು ನಿಮಿಷ ತಾಡಾಸನ ಮಾಡಲಿದ್ದಾರೆ. ಎರಡೂ ಪಾದದ ಮೇಲೆ ಸಮನಾಗಿ ಭಾರ ಬಿಟ್ಟು, ಭುಜ ಸಡಿಲ ಬಿಟ್ಟು ನಿಲ್ಲುವ ಅಭ್ಯಾಸ ಅದು.

ನಿಮ್ಮ ಮಗುವಿಗೆ ಕ್ಲಾಸಿನ ಬೆಂಚು ಎತ್ತರವಾಗಿದ್ದರೆ ಅಥವಾ ಬೋರ್ಡ್ ಕಾಣದೆ ಬಗ್ಗಿ ಕೂರುತ್ತಿದ್ದರೆ ಡೈರಿಯಲ್ಲಿ ಬರೆದು ಕಳಿಸಿ. ಜಾಗ ಬದಲಿಸಿ ಕೊಡುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಮೈಸೂರು